ಒಂದು ಕೂದಲೂ ಇರಬಾರದು

ಕಲ್ಯದ ಕೆಂಪರಾಜು ದನದ ದಲ್ಲಾಳಿ. ಮಾಗಡಿ ಸುತ್ತಮುತ್ತ ಯಾರು ಸೀಮೆಹಸು ಕೊಂಡರೂ ಮಾರಿದರೂ ಅವನು ಅಲ್ಲಿರಬೇಕು. ಹಸುವಿನ ಬಾಲ ಎತ್ತಿ, ಕೆಚ್ಚಲು ಹಿಂಡಿ, ಬಾಯಿ ಅಗಲಿಸಿ ಹಲ್ಲು ನೋಡಿ, ನಾಲ್ಕು ಜನರೆದುರು ಅದರ ಗುಟ್ಟೆಲ್ಲ ರಟ್ಟು ಮಾಡುವುದೇ ಅವನ ಕಸುಬು. ಅಂಥವನು ತನ್ನ ಮೈಯಲ್ಲಿನ ಒಂದು ಗುಟ್ಟನ್ನು ಮಾತ್ರ ಮೂರು ವರ್ಷದಿಂದ ಪಂಚೆಯೊಳಗೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದ.

ಅವನ ಬಲಬೀಜದಲ್ಲಿ ನೀರು ತುಂಬಿತ್ತು. ಮೊದಲು ನಿಂಬೆಹಣ್ಣಿನಷ್ಟಿತ್ತು. ತಾನಾಗಿಯೇ ಇಳಿದೀತು ಎಂದು ಸುಮ್ಮನಿದ್ದ. ಅದು ಮೂಸಂಬಿಯಾಯಿತು. ಆಮೇಲೆ ಯಾವ ಹಣ್ಣಿಗೆ ಹೋಲಿಸುವುದೆಂದು ತಿಳಿಯದೆ ಹೋಲಿಸುವುದನ್ನೇ ಬಿಟ್ಟ. ಪ್ಯಾಂಟು ಹಿಡಿಸದಾದಾಗ ಬಿಳಿ ಪಂಚೆಗೆ ಬಂದ. ಊರಿನವರು, "ಕೆಂಪರಾಜ ಈ ಸಲ ಎಲೆಕ್ಷನ್ನಿಗೆ ನಿಂತ್ಕತಾನೆ ಕಣ್ಲಾ" ಎಂದು ಮಾತಾಡಿಕೊಂಡರು. ಅವನು ಅದನ್ನು ಅಲ್ಲಗಳೆಯಲಿಲ್ಲ. ನಿಜ ಹೇಳುವುದಕ್ಕಿಂತ ಪಂಚಾಯ್ತಿ ಮೆಂಬರಾಗುವುದೇ ಸುಲಭವೆನಿಸಿತ್ತು.

ಹೆಂಡತಿ ರಾಧಾಮಣಿಗೆ ಎಲ್ಲ ಗೊತ್ತಿತ್ತು. ಅವಳು ಅವನ ಸೋದರತ್ತೆಯ ಮಗಳು. ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳನ್ನು ಧಾರೆಯೆರೆದು ಕಳಿಸಿದ ಮೇಲೂ ಅವನನ್ನು "ಭಾವ" ಎಂದೇ ಕರೆಯುತ್ತಿದ್ದಳು. ಡಾಕ್ಟರ ಹತ್ತಿರ ಹೋಗೋಣವೆಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಕೊನೆಗೆ ಅವನನ್ನು ಎಬ್ಬಿಸಿದ್ದು ಹಿರಿಮಗಳ ಪುಟ್ಟ ಕೂಸು. ಸೋಲೂರಿನ ಬೀಗರ ಮನೆಯ ಗೃಹಪ್ರವೇಶದಲ್ಲಿ ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ತಾತನ ಬಳಿ ಬಂದು, ಇಡೀ ಹಜಾರಕ್ಕೆ ಕೇಳುವಂತೆ, "ತಾತ, ಮಡ್ಲಲ್ಲಿ ಏನ್ ಇಟ್ಕಂಡಿದ್ದೀಯಾ? ನಂಗೂ ಕೊಡು" ಅಂದಿತು.

 ಬೀಗರು ಕೆಮ್ಮಿದರು. ಯಾರೋ ಪುಣ್ಯಾತ್ಮರು ಮಳೆಯ ಮಾತು ತೆಗೆದರು. ಮಾರನೆಯ ಸೋಮವಾರ ಕೆಂಪರಾಜು ರಾಮನಗರದ ಬಸ್ಸು ಹತ್ತಿದ.

ಅಲ್ಲಿನ ಒಂದು ನರ್ಸಿಂಗ್ ಹೋಮಿನ ಸರ್ಜನ್ನರ ಕೈಗುಣ ಚೆನ್ನಾಗಿದೆಯೆಂದು ರಾಧಾಮಣಿ ಯಾರಿಂದಲೋ ಕೇಳಿ ತಿಳಿದಿದ್ದಳು. ಅವರು ಹೆಂಗಸು ಎಂಬುದು ಅವಳಿಗೆ ಮೊದಲೇ ಗೊತ್ತಿತ್ತು. ಗಂಡನಿಗೆ ಬೇಕೆಂದೇ ಹೇಳಿರಲಿಲ್ಲ. ಒಳಗೆ ಕಾಲಿಟ್ಟಾಗ ಮೇಜಿನ ಹಿಂದೆ ಡಾಕ್ಟರ್ ಚೈತ್ರಾ ಕೂತಿದ್ದರು. ನಲವತ್ತರ ಆಸುಪಾಸಿನ, ಕತ್ತರಿಸಿದ ಕೂದಲಿನ, ಗಡಿಬಿಡಿಯ ಹೆಂಗಸು. ಕೆಂಪರಾಜು ಬಾಗಿಲಲ್ಲೇ ನಿಂತ. ರಾಧಾಮಣಿ ಬೆನ್ನಿಗೆ ಕೈಯಿಟ್ಟು ತಳ್ಳಿದಳು.

"ಏನು ತೊಂದ್ರೆ?"

"ಒಸಿ ಊತ, ಡಾಕ್ಟ್ರಮ್ಮ."

"ಎಲ್ಲಿ?"

ಅವನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ. ರಾಧಾಮಣಿ ಜಾಗ ಹೇಳಿದಳು. ಡಾಕ್ಟರು ಪರದೆಯ ಹಿಂದಿನ ಮಂಚ ತೋರಿಸಿದರು, ಕೈಗವಸು ಹಾಕಿಕೊಂಡರು, ಒಂದು ಟಾರ್ಚು ಒತ್ತಿ ನೋಡಿದರು, ಕೈಗವಸು ಕಿತ್ತು ಬುಟ್ಟಿಗೆಸೆದರು. ಅಷ್ಟೂ ಮುಗಿಯುವ ಹೊತ್ತಿಗೆ ಕೆಂಪರಾಜು ನಾಚಿಕೆಪಡುವುದನ್ನು ಇನ್ನೂ ಶುರುಮಾಡಿರಲೇ ಇಲ್ಲ.

"ಹೈಡ್ರೋಸೀಲು. ಆಪರೇಷನ್ ಆಗಬೇಕು. ಬರೋ ಗುರುವಾರ ಬೆಳಿಗ್ಗೆ ಬನ್ನಿ. ಮಿಕ್ಕಿದ್ದು ಸಿಸ್ಟರ್ ಹೇಳ್ತಾರೆ."

"ಡಾಕ್ಟ್ರಮ್ಮ, ಒಂದ್ ಮಾತು. ಅದಾದ್ ಮ್ಯಾಲೆ..."

ಡಾಕ್ಟರ ಫೋನು ಬಡಿದುಕೊಂಡಿತು. ಅವರು ಅದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಮುಂದಿನವರನ್ನು ಕರೆಯುವ ಗಂಟೆ ಒತ್ತಿದರು. ಕೆಂಪರಾಜುವಿನ ಮಾತು ಬಾಯಲ್ಲೇ ಉಳಿಯಿತು. ಹಸು ಕೂಡ ಒದೆಯುವ ಮೊದಲು ಒಂದು ಸಲ ತಿರುಗಿ ನೋಡುತ್ತದೆ, ಈಯಮ್ಮ ಅದನ್ನೂ ಮಾಡಲಿಲ್ಲವಲ್ಲ ಎಂದುಕೊಳ್ಳುತ್ತ ಹೊರಗೆ ಬಂದ. ರಾಧಾಮಣಿ ಫೀಸು ಕಟ್ಟಲು ಹೋದಳು.

ಹೊರಗೆ ಕೂತಿದ್ದ ನರ್ಸು ಧನುಶ್ರೀ ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಕನಕಪುರದ ಕಡೆಯ ಹುಡುಗಿ. ಅಪ್ಪನ ವಯಸ್ಸಿನ ಗಂಡಸರಿಗೆ ಇಂಥ ಆಪರೇಷನ್ನಿನ ಸೂಚನೆ ಕೊಡುವುದೆಂದರೆ ಅವಳಿಗೆ ಕಿವಿ ಕೆಂಪಾಗುತ್ತಿತ್ತು. ಅದಕ್ಕೇ ಅವಳೊಂದು ಉಪಾಯ ಕಂಡುಕೊಂಡಿದ್ದಳು. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯನ್ನೇ ನೋಡುತ್ತ, ಪಾಠ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದಳು.

"ಬುಧವಾರ ರಾತ್ರಿ ಹತ್ತು ಗಂಟೆ ಮೇಲೆ ಏನೂ ತಿನ್ನಬಾರದು, ನೀರೂ ಕುಡೀಬಾರದು, ಬೀಡಿ ಸಿಗರೇಟು ಮುಟ್ಟಬಾರದು. ಉಂಗುರ, ಉಡಿದಾರ ತೆಗೆದಿಟ್ಟು ಬನ್ನಿ. ಆಮೇಲೆ... ಆಮೇಲೆ ಕ್ಲೀನಾಗಿ ಶೇವಿಂಗ್ ಮಾಡಿಸ್ಕೊಂಡು ಬನ್ನಿ."

"ಶೇವಿಂಗಾ?"

"ಹೂಂ. ಪೂರ್ತಿ. ಒಂದು ಕೂದಲೂ ಇರಬಾರದು. ಡಾಕ್ಟರ್ ಬೈತಾರೆ."

ಕೆಂಪರಾಜುವಿನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. ಅದು ಸಾಮಾನ್ಯ ಮೀಸೆಯಲ್ಲ. ಎರಡು ಕಡೆಯೂ ಕೆನ್ನೆ ದಾಟಿ ಕಿವಿಯ ಕಡೆಗೆ ಹೊರಟಿದ್ದ, ಹರಳೆಣ್ಣೆ ಉಂಡು ಬೆಳೆದ ಮೀಸೆ. ಹಸುವಿನ ವ್ಯಾಪಾರದಲ್ಲಿ ಅರ್ಧ ಮಾತು ಅದೇ ಆಡುತ್ತಿತ್ತು.

"ಪೂರ್ತಿನೇ ತೆಗೀಬೇಕಾ ಕೂಸೇ? ಒಸಿ ಟ್ರಿಮ್ ಮಾಡುದ್ರೆ ಆಗಾಕಿಲ್ವಾ?"

"ಇಲ್ಲ ಸಾರ್, ಪೂರ್ತಿ," ಎಂದು ಧನುಶ್ರೀ ಲಕ್ಷ್ಮಿಗೆ ಹೇಳಿದಳು.

ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು, ರಾಧಾಮಣಿಗೂ ವಿಷಯ ಹೇಳದೆ, ಮೀಸೆ ಸವರಿಕೊಳ್ಳುತ್ತಿದ್ದ. ಬುಧವಾರ ಸಂಜೆ ಮಾಗಡಿಯ ಖಾಯಂ ಕಟಿಂಗ್ ಶಾಪಿಗೆ ಹೋಗಿ ಕೂತು, "ಮೀಸೆ ತೆಗಿ" ಅಂದ. ಅಂಗಡಿಯವನು ಕತ್ತರಿ ಕೆಳಗಿಟ್ಟ.

"ಯಾಕಣ್ಣ? ಮನೇಲಿ ಯಾರಾದ್ರೂ ಹೋಗ್ಬುಟ್ರಾ?"

"ಯಾರೂ ಹೋಗಿಲ್ಲ, ತೆಗ್ಯಯ್ಯಾ."

ತಂದೆತಾಯಿ ತೀರಿಕೊಂಡಾಗಲ್ಲದೆ ನಮ್ಮ ಕಡೆ ಅಂಥ ಮೀಸೆಯನ್ನು ಯಾರೂ ಬೋಳಿಸುವುದಿಲ್ಲ. ಅಂಗಡಿಯವನು ದುಃಖದಿಂದಲೇ ರೇಜರು ಎಳೆದ. ಕನ್ನಡಿಯಲ್ಲಿ ಕೆಂಪರಾಜುವಿಗೆ ತನ್ನ ಮುಖ ಕಾಣಲಿಲ್ಲ, ಯಾರೋ ಅಳಿಯನ ಮನೆಗೆ ಬಂದ ಅತ್ತೆಯ ಮುಖ ಕಂಡಿತು. ಅವನು ಟವೆಲನ್ನು ಬಾಯಿಗೆ ಅಡ್ಡ ಹಿಡಿದು ಮನೆ ಸೇರಿದ. ಆದರೆ ಕಲ್ಯದ ಬಸ್ಸಿನಲ್ಲಿ ನೋಡಿದವರು ನೋಡಿಬಿಟ್ಟಿದ್ದರು. ಅವನ ತಾಯಿ ಅಣ್ಣನ ಮನೆಯಲ್ಲಿದ್ದಳು, ಎಂಬತ್ತು ದಾಟಿದವಳು. ಮುದುಕಿ ಹೋದಳೆಂದು ಊರು ತಾನೇ ತೀರ್ಮಾನಿಸಿತು. ಡೈರಿ ಸೆಕ್ರೆಟರಿ ರಾಮಲಿಂಗಯ್ಯ ಎಲ್ಲರಿಗಿಂತ ಮೊದಲು ಚೆಂಡುಹೂವಿನ ಹಾರ ಹಿಡಿದು ಅಣ್ಣನ ಮನೆಗೆ ಹೋದ. ಮುದುಕಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಯಾರಿಗ್ಲಾ ಹಾರ?" ಎಂದು ಕೇಳಿದಳು.

ರಾಮಲಿಂಗಯ್ಯ ಹಿಂದಕ್ಕೊಂದು ಹೆಜ್ಜೆಯಿಟ್ಟ. "ನಿಂಗೇ ಕಣವ್ವ, ಸುಮ್ಕೆ ತಂದೆ" ಎಂದು ಅವಳ ಕೈಗೆ ಕೊಟ್ಟು ಓಡಿಬಂದ. ನಿಜ ಸಂಗತಿ ತಿಳಿದ ಮುದುಕಿ ಕೋಲೂರಿಕೊಂಡು ಕಿರಿಮಗನ ಮನೆಗೆ ಬಂದು, ಅಂಗಳದಲ್ಲಿ ನಿಂತು, "ನಾನಿನ್ನೂ ಅವರೆಕಾಳ್ ಸಾರು ಉಣ್ಬೇಕು ಅಂತ ಕೂತಿವ್ನಿ, ನೀನ್ ಆಗ್ಲೇ ಬೋಳಿಸ್ಕ ಬಂದಿದ್ದೀಯೇನ್ಲಾ?" ಎಂದು ಬೀದಿಗೆ ಕೇಳುವಂತೆ ಬೈದು ಹೋದಳು.

ರಾಧಾಮಣಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಅವಳಿಗೆ ಅನುಮಾನ ಬಂತು.

"ಅಲ್ಲ ಭಾವ, ಆಪರೇಸನ್ನು ಎಲ್ಲೋ ಕೆಳಗೆ. ಮೀಸೆ ಯಾಕೆ ತೆಗೀಬೇಕು?"

"ಬಾಯಿಗೆ ಪೈಪ್ ಇಕ್ತಾರೆ ಕಣಮ್ಮಿ. ಗ್ಯಾಸ್ ಕೊಡಾಕೆ. ಮೀಸೆ ಇದ್ರೆ ಗ್ಯಾಸ್ ಲೀಕಾಯ್ತದೆ." ಇದನ್ನು ಅವನು ಬಸ್ಸಿನಲ್ಲಿ ಯೋಚಿಸಿ ಕಂಡುಹಿಡಿದಿದ್ದ. ಹೇಳಿದಾಗ ಅವನಿಗೇ ಅದು ಬಹಳ ಸರಿಯೆನಿಸಿತು.

ಗುರುವಾರ ಬೆಳಿಗ್ಗೆ ವಾರ್ಡಿನಲ್ಲಿ ಅವನಿಗೊಂದು ಹಸಿರು ನಿಲುವಂಗಿ ಕೊಟ್ಟರು. ಮುಂದೆ ಮುಚ್ಚಿ ಹಿಂದೆ ದಾರ ಕಟ್ಟುವಂಥದ್ದು. ಎರಡು ದಾರಗಳಲ್ಲಿ ಒಂದು ಕಿತ್ತುಹೋಗಿತ್ತು. ಪಕ್ಕದ ಮಂಚದಲ್ಲಿ ಚನ್ನಪಟ್ಟಣದ ಸಮದ್ ಕೂತಿದ್ದ. ಮರದ ಗೊಂಬೆಗೆ ಅರಗಿನ ಬಣ್ಣ ಹಾಕುವ ಕಸುಬಿನವನು. ಅವನಿಗೆ ಹರ್ನಿಯಾ. ಕೆಂಪರಾಜುವಿಗಿಂತ ನಾಲ್ಕೈದು ವರ್ಷ ದೊಡ್ಡವನು. ಬೆಳ್ಳಗಿನ ಗಡ್ಡ ಎದೆಗೆ ಬಂದಿತ್ತು.

"ನಿಮ್ಮ ಗಡ್ಡ ತೆಗೀಲಿಲ್ವಾ ಸಾಬ್ರೇ?" ಎಂದ ಕೆಂಪರಾಜು, ಆಶ್ಚರ್ಯದಿಂದ.

"ಗಡ್ಡ ಯಾಕೆ ತೆಗೀಲಿ ಗೌಡ್ರೇ?"

"ಹೇಳಲಿಲ್ವಾ ನಿಮಗೆ? ಬೈತಾರೆ ನೋಡಿ ಡಾಕ್ಟ್ರಮ್ಮ."

ಸಮದ್ ಗಾಬರಿಯಾಗಿ ಗಡ್ಡವನ್ನು ನಿಲುವಂಗಿಯೊಳಗೆ ಸೇರಿಸಿಕೊಂಡ. ಅಷ್ಟರಲ್ಲಿ ವಾರ್ಡಿನ ಗಂಡಸು ಅಟೆಂಡರ್ ಬಂದು, ಕೆಂಪರಾಜುವಿನ ಹೊದಿಕೆ ಎತ್ತಿ ನೋಡಿ, "ಏನ್ ಯಜಮಾನ್ರೇ, ಶೇವಿಂಗ್ ಮಾಡಿಸ್ಕೊಂಡೇ ಬಂದಿಲ್ವಲ್ಲ!" ಅಂದ.

ಕೆಂಪರಾಜು ಎದ್ದು ಕೂತ. ಅವನಿಗೆ ಸಿಟ್ಟು ಬಂತು. ತುಟಿಯ ಮೇಲೆ ಬೆರಳಿಟ್ಟು, "ಕಣ್ಣು ಕಾಣಾಕಿಲ್ವಾ? ಇದೇನಿದು? ಒಂದ್ ಕೂದ್ಲು ಐತಾ ನೋಡು!" ಎಂದ.

ಅಟೆಂಡರ್ ತುಟಿ ನೋಡಿದ. ಹೊದಿಕೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಧನುಶ್ರೀಯನ್ನು ನೋಡಿದ. ಧನುಶ್ರೀ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅದೇ ಹೊತ್ತಿಗೆ ಡಾಕ್ಟರ್ ಚೈತ್ರಾ ರೌಂಡ್ಸಿಗೆ ಬಂದರು. ಏನಾಯಿತೆಂದು ಕೇಳಿದರು. ಧನುಶ್ರೀ ತೊದಲುತ್ತ ಹೇಳಿದಳು. ಡಾಕ್ಟರು ಕೆಂಪರಾಜುವಿನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. ಅಲ್ಲಿ, ಬಿಸಿಲಿಗೆ ಕಪ್ಪಾದ ಮುಖದ ನಡುವೆ, ಮೀಸೆ ಇದ್ದ ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

ತಡೆಯಬೇಕೆಂದು ಅವರು ಪ್ರಯತ್ನಪಟ್ಟರು. ಕೆಮ್ಮಿದರು, ಕಿಟಕಿಯ ಕಡೆ ತಿರುಗಿದರು. ಆದರೆ ನಗು ಅವರ ಮೂಗಿನಿಂದ ನುಗ್ಗಿತು. ಆಮೇಲೆ ಅಟೆಂಡರ್ ನಕ್ಕ. ಸಮದ್ ತನ್ನ ಗಡ್ಡ ಹೊರಗೆ ತೆಗೆದು, ಹರ್ನಿಯಾದ ಮೇಲೆ ಕೈಯೊತ್ತಿ ಹಿಡಿದು, "ಯಾ ಅಲ್ಲಾ, ನೋಯುತ್ತೆ, ನಗಿಸಬೇಡ್ರೋ" ಎನ್ನುತ್ತ ನಕ್ಕ. ಗೋಡೆಯಾಚೆಗಿನ ಹೆಂಗಸರ ವಾರ್ಡಿನಿಂದಲೂ ನಗು ಕೇಳಿತು. ಅವರಿಗೆ ಸುದ್ದಿ ಹೇಗೆ ಮುಟ್ಟಿತೋ ದೇವರೇ ಬಲ್ಲ.

ಕೆಂಪರಾಜು ಮಂಚದಿಂದ ಇಳಿದ. ಯಾರಿಗೂ ಒಂದು ಮಾತು ಹೇಳದೆ, ನಿಲುವಂಗಿಯಲ್ಲೇ, ಬರಿಗಾಲಲ್ಲೇ ವಾರ್ಡು ದಾಟಿ, ಮೆಟ್ಟಿಲಿಳಿದು, ಬೀದಿಗೆ ನಡೆದ.

"ಭಾವ! ಭಾವ, ಹಿಂದ್ಗಡೆ!" ಎಂದು ರಾಧಾಮಣಿ ಓಡಿದಳು. ಕಿತ್ತುಹೋದ ದಾರದ ದೆಸೆಯಿಂದ ನಿಲುವಂಗಿ ಹಿಂದೆ ಎರಡು ಬಾಗಿಲಾಗಿ ತೆರೆದುಕೊಂಡಿತ್ತು. ರೇಷ್ಮೆಗೂಡಿನ ಮೂಟೆ ತುಂಬಿದ ಗೂಡ್ಸ್ ಆಟೋ ಒಂದು ನಿಧಾನ ಮಾಡಿ, ನೋಡಬೇಕಾದ್ದನ್ನು ನೋಡಿ, ಹಾರ್ನ್ ಹೊಡೆದು ಮುಂದೆ ಹೋಯಿತು. ರಾಧಾಮಣಿ ಎರಡು ಅಂಚನ್ನೂ ಸೇರಿಸಿ ಮುಷ್ಟಿಯಲ್ಲಿ ಹಿಡಿದು ಅವನ ಹಿಂದೆ ಹಿಂದೆ ನಡೆದಳು. ನೋಡಿದವರಿಗೆ ಅವಳು ಹೋರಿಯನ್ನು ಬಾಲದ ಕಡೆಯಿಂದ ಹೊಡೆದುಕೊಂಡು ಹೋಗುವಂತೆ ಕಾಣುತ್ತಿದ್ದಳು.

ಅವನು ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಟೀ ಹೇಳಿದ. ಟೀ ಬಂತು. ಬೇಕೆಂದೇ, ಆಸ್ಪತ್ರೆಯ ಬಾಗಿಲನ್ನು ನೋಡುತ್ತ, ಸೊರ್ ಎಂದು ಸದ್ದು ಮಾಡಿ ಪೂರ್ತಿ ಕುಡಿದ. ಕೊನೆಯ ಗುಟುಕಿಗೆ ಸರಿಯಾಗಿ ಡಾಕ್ಟರ್ ಚೈತ್ರಾ ರಸ್ತೆ ದಾಟಿ ಬಂದರು.

"ಟೀ ಕುಡಿದ್ರಾ? ಬುದ್ಧಿ ಇದೆಯೇನ್ರಿ ನಿಮಗೆ? ನಿಮ್ಮನ್ನೇ ಮೊದಲು ತಗೋಬೇಕು ಅಂತ ಥಿಯೇಟರ್ ರೆಡಿ ಮಾಡಿದ್ದೆ. ಟೀ ಕುಡಿ ಅಂತ ಯಾರು ಹೇಳಿದ್ದು?"

"ಯಾರೂ ಏನೂ ಹೇಳ್ನಿಲ್ವಲ್ಲ ತಾಯಿ, ಅದ್ಕೇ ಕುಡ್ದೆ. ಹೇಳಾರು ಗ್ವಾಡೆಗೆ ಹೇಳ್ತಾರೆ. ನೀವು ಫೋನಿಗೆ ಹೇಳ್ತೀರಿ. ನಂಗ್ಯಾರ್ ಹೇಳವ್ರೆ?" ಅವನು ಲೋಟವನ್ನು ಬೆಂಚಿನ ಮೇಲೆ ಕುಕ್ಕಿದ. "ನಾನು ಹಸು ನೋಡಾಕ್ ಹೋದ್ರೂವೆ ಮೊದ್ಲು ಬೆನ್ನು ಸವರ್ತೀನಿ. ನೀವು ಸೀದಾ ಬಾಲ ಎತ್ತುದ್ರಿ."

ಟೀ ಅಂಗಡಿಯವನು ಸೋಸುವುದನ್ನು ನಿಲ್ಲಿಸಿದ.

"ಹಸು ಇಷ್ಟು ಮಾತಾಡಲ್ಲ," ಎಂದರು ಡಾಕ್ಟರು. ಹಾಗೆಂದವರು ಹೋಗಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಕೂತ ಮೇಲೆ ಸಣ್ಣಗಾಗಿ ಕಂಡರು. "ನಕ್ಕಿದ್ದು ತಪ್ಪು. ತಡೆಯೋಕಾಗಲಿಲ್ಲ. ಮೀಸೆ ಹೋಗಿದ್ದಕ್ಕೂ ನಮ್ಮದೇ ತಪ್ಪು. ಆ ಹುಡುಗಿಗೆ ನಾಚಿಕೆ, ಹೇಳಿಕೊಡಬೇಕಾಗಿದ್ದ ನನಗೆ ಪುರುಸೊತ್ತಿಲ್ಲ. ಏನು ಕೇಳಬೇಕು ಅಂತಿದ್ರಿ ಅವತ್ತು? ಈಗ ಕೇಳಿ."

ಕೆಂಪರಾಜು ಖಾಲಿ ಲೋಟದೊಳಗೆ ನೋಡಿದ. ಅವನ ಬಳಿ ಪ್ರಶ್ನೆಗಳು ಬೇಕಾದಷ್ಟಿದ್ದವು. "ನೀರೂ ಕುಡೀಬ್ಯಾಡ ಅಂದ್ರಲ್ಲ, ಅದ್ಯಾಕೆ? ಕುಯ್ಯಾದು ಹೊಟ್ಟೆಯಲ್ವಲ್ಲ?"

"ಮತ್ತು ಬರೋ ಔಷಧಿ ಕೊಟ್ಟಾಗ ಹೊಟ್ಟೇಲಿದ್ದದ್ದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಹೋದ್ರೆ ಜೀವಕ್ಕೇ ಅಪಾಯ. ನಿಮಗೆ ಸೊಂಟಕ್ಕೆ ಮಾತ್ರ ಇಂಜೆಕ್ಷನ್ನು, ಮತ್ತು ಕೊಡಲ್ಲ. ಆದರೆ ಸೊಂಟದ್ದು ಸರಿಯಾಗಿ ಹಿಡೀದಿದ್ರೆ ಪೂರ್ತಿ ಮತ್ತು ಕೊಡಬೇಕಾಗುತ್ತೆ. ಅದಕ್ಕೆ ಹೊಟ್ಟೆ ಖಾಲಿ ಇರಬೇಕು."

"ಉಡಿದಾರ?"

"ಕೊಯ್ಯೋ ಜಾಗದ ಹತ್ತಿರ ಕೊಳೆ ಇರಬಾರದು. ಆಪರೇಷನ್ ಆದ್ಮೇಲೆ ಹೊಸದು ಕಟ್ಟಿಕೊಳ್ಳಿ."

"ಬೀಡಿ?"

"ಕೆಮ್ಮು ಬಂದ್ರೆ ನಾನು ಹಾಕಿದ ಹೊಲಿಗೆ ನಿಮ್ಮ ಕೆಮ್ಮಿಗೆ ಬಿಚ್ಚಿಹೋಗುತ್ತೆ. ಇನ್ನೇನು?"

ಇನ್ನೊಂದಿತ್ತು. ಮೂರು ವರ್ಷದಿಂದ ಅವನನ್ನು ಆಸ್ಪತ್ರೆಯಿಂದ ದೂರವಿಟ್ಟದ್ದು ಆ ಒಂದೇ ಪ್ರಶ್ನೆ. ಅವನು ಬಾಯಿ ತೆರೆದ, ಮುಚ್ಚಿದ. ಟೀ ಅಂಗಡಿಯವನನ್ನು ನೋಡಿದ. ಬೆಂಚಿನ ಹಿಂದೆ ನಿಲುವಂಗಿಯ ಅಂಚು ಹಿಡಿದು ನಿಂತೇ ಇದ್ದ ರಾಧಾಮಣಿಗೆ ಸಾಕಾಯಿತು.

"ಡಾಕ್ಟ್ರಮ್ಮ, ಇವ್ನು ಕೇಳಾಕಿಲ್ಲ, ನಾನೇ ಕೇಳ್ತೀನಿ. ಆಪರೇಸನ್ ಆದ್ ಮ್ಯಾಲೆ ಅದು ಕೆಲ್ಸ ಮಾಡ್ತದೋ ಇಲ್ವೋ?"

"ಲೇ ಮಣಿ!" ಎಂದು ಕೆಂಪರಾಜು ಟವೆಲಿಗಾಗಿ ತಡಕಾಡಿದ. ಟವೆಲು ವಾರ್ಡಿನಲ್ಲಿತ್ತು.

ಡಾಕ್ಟರು ನಗಲಿಲ್ಲ. ಟೀ ಅಂಗಡಿಯವನ ಮೇಜಿನಿಂದ ಒಂದು ಬನ್ನಿನ ಖಾಲಿ ಪ್ಲಾಸ್ಟಿಕ್ ಚೀಲ ತಗೊಂಡು ಅದರೊಳಗೆ ತಮ್ಮ ಹೆಬ್ಬೆರಳಿಟ್ಟರು. "ನೋಡಿ. ಈ ಬೆರಳು ಬೀಜ. ಇದರ ಸುತ್ತ ಹೀಗೊಂದು ಚೀಲ ಎಲ್ಲರಿಗೂ ಇರುತ್ತೆ. ನಿಮ್ಮ ಚೀಲದಲ್ಲಿ ನೀರು ತುಂಬಿದೆ. ನಾನು ಚೀಲ ಕೊಯ್ದು, ನೀರು ತೆಗೆದು, ಚೀಲಾನ ಹೀಗೆ ಹಿಂದಕ್ಕೆ ಮಗುಚಿ ಹೊಲೀತೀನಿ. ಬೀಜಕ್ಕೆ ಚಾಕು ತಾಗಿಸಲ್ಲ. ಬೇರೆ ಯಾವುದಕ್ಕೂ ತಾಗಿಸಲ್ಲ. ಎಲ್ಲ ಮೊದಲಿನ ಹಾಗೇ ಕೆಲಸ ಮಾಡುತ್ತೆ. ಗಾಯ ಮಾಯೋವರೆಗೆ ಒಂದೆರಡು ತಿಂಗಳು ಸುಮ್ಮನಿದ್ರೆ ಸಾಕು."

"ಸುಮ್ಕೆ ಇದ್ದು ಅಭ್ಯಾಸ ಆಗ್ಬುಟ್ಟೈತೆ ಬುಡಿ," ಎಂದಳು ರಾಧಾಮಣಿ.

ಟೀ ಅಂಗಡಿಯವನು ಬೆನ್ನು ತಿರುಗಿಸಿಕೊಂಡ. ಅವನ ಹೆಗಲು ಕುಲುಕುತ್ತಿತ್ತು. ಕೆಂಪರಾಜು ಕಣ್ಣು ಮುಚ್ಚಿಕೊಂಡು ಕೂತಿದ್ದ. ಅವಮಾನವಾಯಿತೋ ನೆಮ್ಮದಿಯಾಯಿತೋ ಅವನಿಗೇ ಗೊತ್ತಾಗಲಿಲ್ಲ. ಎರಡೂ ಒಟ್ಟಿಗೇ ಬಂದಿದ್ದವು. ಒಂದಂತೂ ನಿಜ, ಆ ಪ್ರಶ್ನೆ ಹೊರಗೆ ಬಿದ್ದಮೇಲೆ ಮೈ ಹಗುರಾಗಿತ್ತು.

"ಹಂಗಾರೆ ಮಾಡ್ಬುಡಿ ತಾಯಿ," ಎಂದ.

"ಈಗ ಆಗಲ್ಲ. ಹಾಲು ಹಾಕಿದ ಟೀ ಕುಡಿದಿದ್ದೀರಿ. ಆರು ಗಂಟೆ ಕಾಯಬೇಕು. ಸಾಯಂಕಾಲ ಕೊನೇಗೆ ತಗೋತೀನಿ. ಅಲ್ಲೀವರೆಗೂ ಯಾರಾದ್ರೂ ಏನಾದ್ರೂ ಕೊಟ್ರೆ..."

"ಮುಟ್ಟಾಕಿಲ್ಲ."

ಡಾಕ್ಟರು ಎದ್ದರು. ಧನುಶ್ರೀ ಒಂದು ಬೆಡ್‌ಶೀಟು ಹಿಡಿದು ಓಡಿಬಂದಿದ್ದಳು. ಅದನ್ನು ಅವನ ಹೆಗಲಿಗೆ ಹೊದಿಸಿ, ಈ ಸಲ ಅವನ ಮುಖ ನೋಡಿಕೊಂಡೇ, "ಸಾರಿ ಸಾರ್" ಎಂದಳು. "ಅಲ್ಲ ಕೂಸೇ, ಜಾಗದ್ ಹೆಸ್ರು ಹೇಳಾಕೆ ಅಷ್ಟು ಕಷ್ಟನಾ?" ಎಂದ ಕೆಂಪರಾಜು. "ನೀವು ಹೇಳಿ ನೋಡೋಣ?" ಎಂದಳು ಅವಳು. ಅವನು ಸ್ವಲ್ಪ ಯೋಚಿಸಿ, ಬೆಡ್‌ಶೀಟು ಸುತ್ತಿಕೊಂಡು ರಸ್ತೆ ದಾಟಿದ.

ಸಾಯಂಕಾಲ ಥಿಯೇಟರಿನಲ್ಲಿ ಬೆನ್ನು ಬಗ್ಗಿಸಿ ಕೂರಿಸಿ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಕಾಲು ಮೊದಲು ಬಿಸಿಯಾಯಿತು, ಆಮೇಲೆ ಭಾರವಾಯಿತು, ಆಮೇಲೆ ಇಲ್ಲವಾಯಿತು. ಎದೆಯ ಮುಂದೆ ಒಂದು ಹಸಿರು ಪರದೆ ಕಟ್ಟಿದರು. ಈಚೆ ಕೆಂಪರಾಜುವಿನ ತಲೆ ಮತ್ತು ಬಾಯಿ, ಆಚೆ ಮಿಕ್ಕದ್ದು. ಬಾಯಿ ಸುಮ್ಮನಿರಲಿಲ್ಲ.

"ತಾಯಿ, ಶುರು ಮಾಡುದ್ರಾ?"

"ಆಗಲೇ ಕೊಯ್ದಾಯ್ತು."

"ಹೌದಾ! ಗೊತ್ತೇ ಆಗ್ನಿಲ್ಲ. ಈಗೇನ್ ಮಾಡ್ತಾ ಇದ್ದೀರಿ?"

"ನೀರು ತೆಗೀತಾ ಇದ್ದೀನಿ."

"ಎಷ್ಟೈತೆ?"

"ಒಂದು ಚೊಂಬಿಗೆ ಬರಬಹುದು."

"ನಮ್ ಡೈರಿಗೆ ತಗೊಂಡೋಗಿದ್ರೆ ರಾಮಲಿಂಗಯ್ಯ ಫ್ಯಾಟ್ ನೋಡಿ ರೇಟ್ ಕಟ್ಟವ್ನು."

ಪರದೆಯಾಚೆ ಯಾರೋ ಕಿಸಕ್ಕೆಂದರು. "ಯಜಮಾನ್ರೇ, ನಗಿಸಬೇಡಿ. ಕೈಯಲ್ಲಿ ಸೂಜಿ ಇದೆ," ಎಂದಿತು ಡಾಕ್ಟರ ದನಿ. ಕೆಂಪರಾಜು ತಕ್ಷಣ ಬಾಯಿ ಮುಚ್ಚಿದ. ಮೆಷಿನ್ನು ಟಿಂವ್ ಟಿಂವ್ ಎನ್ನುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಭಯವಾಯಿತು. ಸೊಂಟದ ಕೆಳಗೆ ಏನೂ ಇಲ್ಲವೆನ್ನುವಷ್ಟು ಬರಿದಾಗಿತ್ತು.

"ತಾಯಿ, ಎಲ್ಲಾ ಐತೆ ತಾನೇ?"

"ಇದೆ. ಎಲ್ಲ ಇದ್ದಲ್ಲೇ ಇದೆ. ಎಣಿಸಿದ್ದೀನಿ."

ಅವನು ಉಸಿರು ಬಿಟ್ಟ. ಆ ದನಿ ಬೆಳಗಿನ ದನಿಯಲ್ಲ ಎನಿಸಿ, ಧೈರ್ಯ ಮಾಡಿ ಕೇಳಿದ. "ಒಂದ್ ಮಾತು ಕೇಳ್ಲಾ? ಮಾತು ಬಲ್ಲೋರು ನೀವು. ಅವತ್ಯಾಕೆ ಹಂಗೆ ಬಾಯಿ ಕಟ್ಟಾಕ್ದಂಗೆ ಕಳಿಸ್ಬುಟ್ರಿ?"

 ಪರದೆಯಾಚೆ ಡಾಕ್ಟರು ದಾರ ಎಳೆದು ಕತ್ತರಿಸಿದರು.

"ಗಂಡಸರು ಇಂಥ ತೊಂದರೆಗೆ ಬಂದಾಗ ನಾನು ಮಾತಿಗೆ ನಿಂತ್ರೆ ಅವರ ಮೊದಲನೇ ಪ್ರಶ್ನೆ, 'ಗಂಡಸು ಡಾಕ್ಟ್ರು ಯಾರೂ ಇಲ್ವಾ' ಅಂತ. ಓದಿದ್ದು ಹೆಚ್ಚೂಕಡಿಮೆ ಅರ್ಧ ಆಯಸ್ಸು. ಬಾಗಿಲಲ್ಲಿ ನಿಂತು ಹಾಗೆ ಕೇಳ್ತಾರೆ. ಅವರು ಅದನ್ನ ಕೇಳೋಷ್ಟರಲ್ಲಿ ನೋಡಿ ಮುಗಿಸಿ ಕಳಿಸಿಬಿಡೋದು ಅಭ್ಯಾಸ ಆಗಿಹೋಯ್ತು. ನೀವೂ ಅದನ್ನೇ ಕೇಳೋಕೆ ಹೊರಟಿದ್ದೀರಿ ಅಂದ್ಕೊಂಡೆ."

ಕೆಂಪರಾಜು ಮೇಲಿನ ದೊಡ್ಡ ದೀಪವನ್ನು ನೋಡಿದ. ಅವತ್ತು ಬಾಗಿಲಲ್ಲಿ ನಿಂತಾಗ ಅವನ ನಾಲಗೆಯ ತುದಿಯಲ್ಲಿದ್ದ ಮೊದಲ ಪ್ರಶ್ನೆ ಅದೇ ಆಗಿತ್ತು. ರಾಧಾಮಣಿ ತಳ್ಳಿದ್ದರಿಂದ ಒಳಗೇ ಉಳಿದಿತ್ತು.  ಹೊಲಿಗೆ ಮುಗಿಯುವವರೆಗೂ ಸುಮ್ಮನೆ ಮಲಗಿದ್ದ. ಡಾಕ್ಟರು ಪರದೆಯ ಮೇಲಿಂದ ಇಣುಕಿ, "ನಿದ್ದೆ ಬಂತೇನು?" ಎಂದು ಕೇಳಿದರು.

"ಇಲ್ಲ ಕಣ್ ತಾಯಿ. ಒಳ್ಳೆ ಕೈ ನಿಮ್ದು," ಎಂದ.

ಶನಿವಾರ ಇಬ್ಬರನ್ನೂ ಮನೆಗೆ ಕಳಿಸಿದರು. ಸಮದ್‌ನ ಅಳಿಯ ನಿಯಾಜ್ ಆಟೋ ತಂದಿದ್ದ. ಕೆಂಗಲ್ಲಿಗೆ ಹೋಗಬೇಕು, ಆಂಜನೇಯನಿಗೆ ಹರಕೆ ಇದೆ ಎಂದು ರಾಧಾಮಣಿ ಹೇಳಿದಾಗ, "ನಮ್ಮ ದಾರೀನೇ ಅಲ್ವಾ, ಕೂತ್ಕೊಳ್ಳಿ" ಎಂದು ಸಮದ್ ಹಿಂದಿನ ಸೀಟಿನಲ್ಲಿ ಜಾಗ ಮಾಡಿಕೊಟ್ಟ. ಹೊಲಿಗೆ ಹಾಕಿಸಿಕೊಂಡ ಇಬ್ಬರು ಗಂಡಸರು ರಸ್ತೆಯ ಪ್ರತಿ ಉಬ್ಬಿಗೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಒಂದೇ ರಾಗದಲ್ಲಿ ನರಳಿದರು. ನಿಯಾಜ್ ಎಷ್ಟು ನಿಧಾನ ಓಡಿಸಿದನೆಂದರೆ ಮೈಸೂರು ರಸ್ತೆಯಲ್ಲಿ ಎಳನೀರಿನ ಸೈಕಲ್ಲೊಂದು ಅವರನ್ನು ದಾಟಿ ಹೋಯಿತು.

ದೇವಸ್ಥಾನದ ಮುಂದೆ ಸಮದ್ ಆಟೋದಲ್ಲೇ ಕಾಲು ಚಾಚಿ ಕೂತ. ಕೆಂಪರಾಜು ಮೆಟ್ಟಿಲು ಹತ್ತುವಂತಿರಲಿಲ್ಲ. ಕಾಲಗಲಿಸಿ ನೆರಳಲ್ಲಿ ನಿಂತ. ರಾಧಾಮಣಿ ಒಳಗೆ ಹೋಗಿ ತುಳಸಿಹಾರ ಕೊಟ್ಟು, ಪ್ರದಕ್ಷಿಣೆ ಹಾಕಿ, ಹಣೆಗೆ ಸಿಂಧೂರ ಇಟ್ಟುಕೊಂಡು ಬಂದಳು. ಅವನ ಹಣೆಗೂ ಇಟ್ಟಳು.

"ಏನಂತ ಹರಕೆ ಹೊತ್ತಿದ್ದೆ ಮಣಿ?"

"ಅದೆಲ್ಲ ನಿಂಗ್ಯಾಕೆ?"

"ಹೇಳೇ."

ಅವಳು ಸೆರಗು ಸರಿಮಾಡಿಕೊಂಡಳು. ಆಟೋದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಟೀ ಅಂಗ್ಡೀಲಿ ಡಾಕ್ಟ್ರಮ್ಮನ್ನ ಕೇಳ್ದೆನಲ್ಲ, ಅದ್ಕೇ."

ಕೆಂಪರಾಜು ಬೆರಗಾಗಿ ಗರ್ಭಗುಡಿಯ ಕಡೆ ನೋಡಿದ. "ಅಯ್ಯೋ ನಿನ್ನ! ಬ್ರಹ್ಮಚಾರಿ ದೇವ್ರ ತಾವ ಇಂಥದ್ಕೆಲ್ಲ ಹರ್ಕೆ ಹೊರ್ತಾರೇನೇ?"

"ಸಂಸಾರ ಇರೋ ದೇವ್ರುಗಳಿಗೆ ಅವರವ್ರ ಮನೆ ರಗಳೆನೇ ಸಾಕಾಗಿರ್ತದೆ ಕಣ್ ಭಾವ," ಎಂದಳು ರಾಧಾಮಣಿ. "ಇವ್ನಿಗಾದ್ರೆ ಒಸಿ ಪುರ್ಸೊತ್ತಿರ್ತದೆ. ನಡಿ, ಸಾಬ್ರು ಕಾಯ್ತಾವ್ರೆ."